ರೊಟ್ಟಿಯೋ ಅನ್ನವೋ, ಮೊಟ್ಟೆಯೋ ಪೌಡರೋ: ಓಡುವವರ ತಟ್ಟೆಯ ಲೆಕ್ಕ

ಕೊಪ್ಪಳದ ಕ್ರೀಡಾಂಗಣಕ್ಕೆ ಬೆಳಗಿನ ಐದೂವರೆಗೆ ಬಂದು ನೋಡಿ. ಇನ್ನೂ ಕತ್ತಲೆ ಇರುವಾಗಲೇ ಹುಡುಗರು, ಹುಡುಗಿಯರು ಸುತ್ತು ಹಾಕುತ್ತಿರುತ್ತಾರೆ. ಕೆಲವರು ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ, ಕೆಲವರು ಸೈನ್ಯಕ್ಕೆ, ಇನ್ನು ಕೆಲವರು ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ತಯಾರಾಗುತ್ತಿರುವವರು. ಏಳೂವರೆಗೆ ಓಟ ಮುಗಿಯುತ್ತದೆ. ಏಳು ನಲವತ್ತಕ್ಕೆ ಅದೇ ಮುಖಗಳು ಬಂಡಿ ಮುಂದೆ ನಿಂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿರುತ್ತವೆ. ನಾನೂ ಹಾಗೆ ತಿಂದವನೇ.

ಕಾಲೇಜಿನಲ್ಲಿ 1500 ಮೀಟರ್ ಓಡುತ್ತಿದ್ದೆ. ಈಗ ಬೆಳಗ್ಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತೇನೆ. ಟೈಮಿಂಗ್ ಬಗ್ಗೆ ಕೇಳುವವರಿಗಿಂತ ಊಟದ ಬಗ್ಗೆ ಕೇಳುವವರೇ ಜಾಸ್ತಿ. ಅನ್ನ ಬಿಡಬೇಕಾ? ತುಪ್ಪ ತಿನ್ನಬಹುದಾ? "ಪ್ರೋಟೀನ್ ಪೌಡರ್ ತಗೊಂಡ್ಬಿಡ್ಲೇನ್ರೀ ಅಣ್ಣಾ?" ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಮಾತ್ರ ಇದನ್ನು ಬಿಟ್ಟು ಡಾಕ್ಟರ ಮಾತು ಕೇಳಿ.

ಶೇಕಡಾ ಬಿಡಿ, ಕೆಜಿ ಹಿಡಿಯಿರಿ

ಮೊಬೈಲಿನಲ್ಲಿ ಎಲ್ಲರೂ ನೋಡುವುದು ಶೇಕಡಾ ಲೆಕ್ಕ. ಇಷ್ಟು ಶೇಕಡಾ ಕಾರ್ಬ್ (ಅನ್ನ, ರೊಟ್ಟಿ, ಬೆಲ್ಲದಲ್ಲಿರುವ ಪಿಷ್ಟ, ಸಕ್ಕರೆ), ಇಷ್ಟು ಪ್ರೋಟೀನ್, ಇಷ್ಟು ಕೊಬ್ಬು. ಅದರಲ್ಲೊಂದು ಮೋಸ ಇದೆ. ಅರ್ಧ ಹೊಟ್ಟೆ ತಿನ್ನುವವನ ತಟ್ಟೆಯಲ್ಲೂ ಶೇಕಡಾ ಸರಿಯಾಗೇ ಇರಬಹುದು, ಅಲ್ವಾ? ಅದಕ್ಕೇ ಕ್ರೀಡಾ ಆಹಾರ ತಜ್ಞರು ದೇಹದ ತೂಕದ ಪ್ರತಿ ಕೆಜಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ.

ದಿನಕ್ಕೆ ಸುಮಾರು ಒಂದು ಗಂಟೆ ಬೆವರಿಳಿಸುವವರಿಗೆ ಕೆಜಿಗೆ 5ರಿಂದ 7 ಗ್ರಾಂ ಕಾರ್ಬ್ ಬೇಕು. ಒಂದರಿಂದ ಮೂರು ಗಂಟೆ ಜೋರಾಗಿ ದುಡಿಯುವವರಿಗೆ 6ರಿಂದ 10. ಸುಮ್ನೆ ಸ್ಟ್ರೆಚ್ ಮಾಡಿ ಮನೆಗೆ ಹೋಗುವ ದಿನ 3ರಿಂದ 5 ಸಾಕು. ಪ್ರೋಟೀನ್ ಕೆಜಿಗೆ 1.2ರಿಂದ 2 ಗ್ರಾಂ. ಕೊಬ್ಬಿಗೆ ಮಾತ್ರ ಶೇಕಡಾ ಲೆಕ್ಕವೇ ಚಾಲ್ತಿಯಲ್ಲಿದೆ: ಒಟ್ಟು ಕ್ಯಾಲೊರಿಯಲ್ಲಿ 20ರಿಂದ 35ರಷ್ಟು. ಒಂದು ಗ್ರಾಂ ಕಾರ್ಬ್‌ನಲ್ಲಿ 4 ಕ್ಯಾಲೊರಿ, ಪ್ರೋಟೀನ್‌ನಲ್ಲೂ 4, ಕೊಬ್ಬಿನಲ್ಲಿ 9.

ಇಲ್ಲಿ ಒಂದು ಗಮನಿಸಿ. ಪ್ರೋಟೀನ್ ಲೆಕ್ಕ ದಿನದಿಂದ ದಿನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಏರಿಳಿಯಬೇಕಾದದ್ದು ಕಾರ್ಬ್. ನಮ್ಮಲ್ಲಿ ನಡೆಯುವುದು ಉಲ್ಟಾ. ಭಾನುವಾರ ರಜೆ ದಿನ ತಟ್ಟೆ ತುಂಬ ಅನ್ನ, ಸೋಮವಾರ ಹತ್ತು ಕಿಲೋಮೀಟರ್ ಓಡಿದ ಮೇಲೆ ಅವಸರದಲ್ಲಿ ಒಂದು ಚಹಾ, ನಾಲ್ಕು ಬಿಸ್ಕತ್ತು.

ನಾನು ಅನ್ನ ಬಿಟ್ಟ ಎರಡು ತಿಂಗಳು

ಡಿಗ್ರಿ ಎರಡನೇ ವರ್ಷದಲ್ಲಿ ಜಿಮ್‌ನಲ್ಲಿ ಒಬ್ಬರು, "ಅನ್ನ, ರೊಟ್ಟಿ ಬಿಡು, ಮೈ ಹಗುರ ಆಗ್ತದ, ಓಟ ತಾನೇ ಬರ್ತದ" ಎಂದರು. ಬಿಟ್ಟೆ. ಮೊಟ್ಟೆ, ಶೇಂಗಾ, ತರಕಾರಿ, ಮಜ್ಜಿಗೆ ಅಷ್ಟೇ. ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಿತು. ಖುಷಿಯೋ ಖುಷಿ. ಅದರಲ್ಲಿ ಬಹುಪಾಲು ನೀರು ಎಂದು ಆಗ ಗೊತ್ತಿರಲಿಲ್ಲ. ಸ್ನಾಯುಗಳಲ್ಲಿ ಕಾರ್ಬ್ ಗ್ಲೈಕೋಜನ್ ಆಗಿ ಕೂತಿರುತ್ತದೆ, ತನ್ನ ಜೊತೆ ನೀರನ್ನೂ ಹಿಡಿದುಕೊಂಡಿರುತ್ತದೆ. ಅದು ಖಾಲಿಯಾದರೆ ನೀರೂ ಹೋಗುತ್ತದೆ.

ನಿಧಾನವಾಗಿ ಓಡುವಾಗ ಏನೂ ಅನ್ನಿಸಲಿಲ್ಲ. ಆದರೆ 400 ಮೀಟರ್ ರಿಪೀಟ್ಸ್ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಅಷ್ಟೇ ಓಡುವುದು) ಶುರು ಮಾಡಿದ ದಿನ ಮೂರನೆಯದಕ್ಕೇ ಕಾಲು ನೆನೆದ ಗೋಣಿಚೀಲದಂತಾದವು. ಉಸಿರು ಇದೆ, ಮನಸ್ಸೂ ಇದೆ, ಕಾಲು ಮಾತ್ರ ಏಳುತ್ತಿಲ್ಲ.

ಕಾರಣ ಇಷ್ಟೇ. ಮೆಲ್ಲಗೆ ಓಡುವಾಗ ದೇಹ ಕೊಬ್ಬನ್ನು ಚೆನ್ನಾಗಿ ಉರಿಸುತ್ತದೆ. ವೇಗ ಹೆಚ್ಚಿದಂತೆ ಕಾರ್ಬ್ ಕಡೆ ತಿರುಗುತ್ತದೆ. ಅಷ್ಟೇ ಆಮ್ಲಜನಕಕ್ಕೆ ಕಾರ್ಬ್ ಕೊಬ್ಬಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಕೊಡುತ್ತದೆ. ಆಸ್ಟ್ರೇಲಿಯಾದ ಕ್ರೀಡಾ ಆಹಾರ ತಜ್ಞೆ ಲೂಯೀಸ್ ಬರ್ಕ್ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಮಟ್ಟದ ವೇಗನಡಿಗೆ ಸ್ಪರ್ಧಿಗಳಿಗೆ ಮೂರು ವಾರ ಕಠಿಣ ತರಬೇತಿ ಕೊಟ್ಟರು. ಕಾರ್ಬ್ ತಿಂದವರು ಸುಧಾರಿಸಿದರು. ಕಾರ್ಬ್ ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸಿಕೊಂಡವರು ಕೊಬ್ಬನ್ನು ಉರಿಸುವುದರಲ್ಲಿ ಪಳಗಿದರು, ಆದರೆ ಅದೇ ವೇಗಕ್ಕೆ ಜಾಸ್ತಿ ಆಮ್ಲಜನಕ ಬೇಕಾಯಿತು. ಸ್ಪರ್ಧೆಯ ಟೈಮಿಂಗ್ ಸುಧಾರಿಸಲಿಲ್ಲ.

ತೂಕ ಇಳಿಸಲು ಮನೆಯಲ್ಲಿ ಯಾರಾದರೂ ಕೀಟೋ (ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಊಟ) ಮಾಡುತ್ತಿದ್ದರೆ ಅದು ಅವರ ವಿಷಯ. ಫಿಸಿಕಲ್‌ನ 1600 ಮೀಟರ್ ಟೈಮಿಂಗ್‌ಗೆ ಓಡುವವರು ಅನ್ನ-ರೊಟ್ಟಿ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ರೊಟ್ಟಿ, ಅನ್ನ, ಚಪಾತಿ

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದು ಒಳ್ಳೆ ಪೈಪೋಟಿ. ಒಂದು ಕಡೆ ಒಣ ಹೊಲದ ಬಿಳಿಜೋಳ. ಇನ್ನೊಂದು ಕಡೆ ತುಂಗಭದ್ರೆಯ ಕಾಲುವೆ ನೀರಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ.

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಕಾರ್ಬ್, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬ್, 8 ಗ್ರಾಂ ಪ್ರೋಟೀನ್, ನಾರು 3 ಗ್ರಾಂ ಕೂಡ ಇಲ್ಲ. ಕಾಗದದ ಮೇಲೆ ನೋಡಿದರೆ ರೊಟ್ಟಿಯೇ ಗೆದ್ದಿತು. ದಿನದ ಊಟಕ್ಕೆ ಹೌದು, ಅದೇ ಗೆದ್ದದ್ದು. ನಿಧಾನವಾಗಿ ಕರಗುತ್ತದೆ, ಹೊಟ್ಟೆ ಗಟ್ಟಿಯಾಗಿರುತ್ತದೆ, ಬಡಿಯಲು ಎಣ್ಣೆ ಬೇಕಿಲ್ಲ. ಆದರೆ ಓಟಕ್ಕೆ ಎರಡು ಮೂರು ಗಂಟೆ ಮುಂಚೆ ಅದೇ ನಾರು ನಿಮ್ಮ ಶತ್ರು. ಒಮ್ಮೆ ಎರಡು ರೊಟ್ಟಿ, ಪುಂಡಿಪಲ್ಯ ತಿಂದು ಒಂದೂವರೆ ಗಂಟೆಯೊಳಗೇ ಓಡಲು ಹೋಗಿ ಪಕ್ಕೆ ಹಿಡಿದು ಟ್ರ್ಯಾಕ್ ಬದಿ ಕೂತಿದ್ದೇನೆ. ಆ ಹೊತ್ತಿಗೆ ಅನ್ನ ಮೇಲು. ಬೇಗ ಕರಗುತ್ತದೆ, ಹೊಟ್ಟೆಯಲ್ಲಿ ಗುಡುಗುಡು ಇಲ್ಲ. ಒಂದೇ ದಿನ ಬೆಳಗ್ಗೆ, ಸಂಜೆ ಎರಡು ಸಲ ಪ್ರಾಕ್ಟೀಸ್ ಇದ್ದರೂ ಮಧ್ಯಾಹ್ನ ಅನ್ನವೇ ಇರಲಿ. ಖಾಲಿಯಾದ ಸ್ನಾಯು ಬೇಗ ತುಂಬಿಕೊಳ್ಳಬೇಕಲ್ಲ.

ಚಪಾತಿ ಇವೆರಡರ ನಡುವೆ. ಹಿಟ್ಟಿನ ಲೆಕ್ಕದಲ್ಲಿ ಜೋಳಕ್ಕೆ ಹತ್ತಿರ. ತೊಂದರೆ ಹಂಚಿನ ಮೇಲೆ ಶುರುವಾಗುತ್ತದೆ. ಒಂದು ಚಪಾತಿಗೆ ಒಂದು ಚಮಚ ಎಣ್ಣೆ ಎಂದರೆ 5 ಗ್ರಾಂ ಕೊಬ್ಬು. ನಾಲ್ಕು ಚಪಾತಿಗೆ 20 ಗ್ರಾಂ. ಮೆಸ್ ಚಪಾತಿಯಲ್ಲಿ ಇನ್ನೂ ಜಾಸ್ತಿ, ಕೈಗೆ ಅಂಟಿದ ಎಣ್ಣೆಯೇ ಹೇಳುತ್ತದೆ.

ಖಡಕ್ ರೊಟ್ಟಿ ತಿನ್ನುವವರಿಗೆ ಒಂದು ಮಾತು. ಅದು ತೆಳ್ಳಗಿರುವುದರಿಂದ ಹಿಟ್ಟು ಕಡಿಮೆ. ಬಿಸಿ ರೊಟ್ಟಿ ಮೂರು ತಿನ್ನುವವರು ಖಡಕ್ಕೂ ಮೂರೇ ತಿಂದರೆ ಲೆಕ್ಕ ತಪ್ಪುತ್ತದೆ.

ಇಪ್ಪತ್ತೈದು ಗ್ರಾಂ ಪ್ರೋಟೀನ್ ಎಲ್ಲಿ ಸಿಗುತ್ತದೆ

ನಮ್ಮ ಕಡೆ ತಟ್ಟೆಗಳು ಸೋಲುವುದು ಇಲ್ಲೇ. ಒಂದು ದಿನ ಅಡುಗೆಮನೆಗೆ ಚಿಕ್ಕ ತಕ್ಕಡಿ ತಂದಿಟ್ಟು ಅವ್ವ ಸಾರಿಗೆ ಹಾಕುವ ತೊಗರಿಬೇಳೆ ತೂಗಿದೆ. ಐದು ಜನಕ್ಕೆ 100 ಗ್ರಾಂ. ಅಂದರೆ ತಲೆಗೆ 20 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ 4 ಗ್ರಾಂ ಚಿಲ್ಲರೆ. "ಬೇಳೆ ಸಾರು ತಿಂತೀವಿ, ಪ್ರೋಟೀನ್ ಬರ್ತದ" ಎಂದು ನಂಬಿಕೊಂಡಿದ್ದೆವು. ಅವ್ವ ತಕ್ಕಡಿ ನೋಡಿ, "ಅನ್ನ ತೂಗಿ ತಿಂದ್ರ ಮೈಗೆ ಹತ್ತಂಗಿಲ್ಲ ಬಿಡೋ ಯಪ್ಪಾ" ಎಂದಳು. ಆದರೆ ಮಾರನೇ ದಿನದಿಂದ ಸಾರು ಗಟ್ಟಿಯಾಯಿತು.

ಒಂದು ಹೊತ್ತಿಗೆ 20ರಿಂದ 25 ಗ್ರಾಂ ಪ್ರೋಟೀನ್, ಹಾಗೆ ದಿನಕ್ಕೆ ನಾಲ್ಕು ಸಲ. ಸ್ನಾಯು ರಿಪೇರಿಗೆ ಇದು ಒಳ್ಳೆ ಹಂಚಿಕೆ. ರಾತ್ರಿ ಒಂದೇ ಸಲ ಅರ್ಧ ಕೆಜಿ ಚಿಕನ್ ಹೊಡೆಯುವುದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಆ 25 ಗ್ರಾಂ ಪಡೆಯಲು ಏನೇನು ತಿನ್ನಬೇಕು, ನೋಡಿ. ಮೊಟ್ಟೆ ನಾಲ್ಕು. ಬೆಂದ ಚಿಕನ್ ಮೂಳೆ ಬಿಟ್ಟು 80-90 ಗ್ರಾಂ. ತೊಗರಿಬೇಳೆಯೋ ಹೆಸರುಕಾಳೋ ಒಣಗಿದ್ದು 115 ಗ್ರಾಂ, ಬೇಯಿಸಿದರೆ ಒಂದು ದೊಡ್ಡ ಬಟ್ಟಲು. ಎಮ್ಮೆ ಹಾಲು ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಸೋಯಾ ಚಂಕ್ಸ್ ಬರೀ 50 ಗ್ರಾಂ. ಶೇಂಗಾ ಆದರೆ 105 ಗ್ರಾಂ, ಆದರೆ ಅದರ ಜೊತೆ 40 ಗ್ರಾಂಗೂ ಮೇಲೆ ಕೊಬ್ಬು, ಒಟ್ಟು 550 ಕ್ಯಾಲೊರಿ ಬಂದು ಕೂರುತ್ತದೆ. ಶೇಂಗಾವನ್ನು ಪ್ರೋಟೀನ್ ಪಟ್ಟಿಯಲ್ಲಿ ಬರೆದುಕೊಂಡವರು ಅದನ್ನು ಕೊಬ್ಬಿನ ಪಟ್ಟಿಗೆ ವರ್ಗಾಯಿಸಿ. ಪ್ರೋಟೀನ್ ಅದರಲ್ಲಿ ಕೊಸರು.

ಮಾಂಸ, ಮೊಟ್ಟೆ ತಿನ್ನುವವರಿಗೆ ದಾರಿ ಸುಲಭ. ತಿನ್ನದವರು ಎರಡು ಕೆಲಸ ಮಾಡಬೇಕು. ಒಂದು, ಕಾಳಿನ ಪ್ರಮಾಣ ಹೆಚ್ಚಿಸಬೇಕು. ಹೆಸರುಕಾಳು, ಮಡಕೆಕಾಳು, ಹುರುಳಿ ಯಾವುದಾದರೂ ಸರಿ, ಪಲ್ಯ ಚಮಚದಲ್ಲಿ ಅಲ್ಲ, ಬಟ್ಟಲಲ್ಲಿ ಬರಲಿ. ಎರಡು, ಜೋಡಿ ಬಿಡಬಾರದು. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿ ಜೊತೆ ಕಡಲೆಹಿಟ್ಟಿನ ಝುಣಕವೋ ಕಾಳುಪಲ್ಯವೋ ಇದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ರೊಟ್ಟಿ ಜೊತೆ ಬರೀ ಬದನೆಕಾಯಿ ಎಣ್ಣೆಗಾಯಿ ಇದ್ದರೆ ನಾಲಿಗೆಗೆ ಹಬ್ಬ ಅಷ್ಟೇ. ಜೊತೆಗೆ ಗಟ್ಟಿ ಮೊಸರಾದರೂ ಇರಲಿ.

ಇನ್ನು ಪೌಡರ್. ಒಂದು ಸ್ಕೂಪ್ ವ್ಹೇ ಪ್ರೋಟೀನ್ ಪೌಡರಿನಲ್ಲಿ 24-25 ಗ್ರಾಂ ಪ್ರೋಟೀನ್ ಇರುತ್ತದೆ. ಅದು ಹಾಲಿನಿಂದಲೇ ಬಂದದ್ದು, ವಿಷವೂ ಅಲ್ಲ, ಅಮೃತವೂ ಅಲ್ಲ. ಅನುಕೂಲ ಇರುವುದು ಹೊತ್ತಿನಲ್ಲಿ. ಓಟ ಮುಗಿಸಿ ನೇರ ಕಾಲೇಜಿಗೆ ಹೋಗುವವನಿಗೆ ನಾಲ್ಕು ಮೊಟ್ಟೆ ಬೇಯಿಸಿಕೊಳ್ಳಲು ಎಲ್ಲಿ ಪುರುಸೊತ್ತು? ಆದರೆ ಮೂರು ಹೊತ್ತು ತೆಳು ಸಾರು ತಿಂದು ಒಂದು ಸ್ಕೂಪ್ ಕುಡಿಯುವುದಕ್ಕಿಂತ, ಆ ದುಡ್ಡಿನಲ್ಲಿ ತಿಂಗಳಿಡೀ ಮೊಟ್ಟೆ, ಹಾಲು ತರುವುದು ನನಗೆ ಸರಿ ಕಾಣುತ್ತದೆ. ನಾನೇ ಒಮ್ಮೆ ಪರಿಚಯದವರ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಡಬ್ಬಿ ತಂದೆ. ಸೀಲ್ ಸಡಿಲವಾಗಿತ್ತು. ಕುಡಿದ ನಾಲ್ಕು ದಿನವೂ ಹೊಟ್ಟೆ ಕೆಟ್ಟಿತು. ರಾಷ್ಟ್ರ ಮಟ್ಟದ ಕನಸು ಇದ್ದವರು ಇನ್ನೂ ಹುಷಾರಾಗಿರಬೇಕು. ಕಲಬೆರಕೆ ಸಪ್ಲಿಮೆಂಟಿನಿಂದ ನಿಷೇಧಿತ ವಸ್ತು ಮೈ ಸೇರಿ ಡೋಪಿಂಗ್ ಟೆಸ್ಟಿನಲ್ಲಿ ಸಿಕ್ಕಿದರೆ, "ನಂಗೆ ಗೊತ್ತಿರಲಿಲ್ಲ" ಎಂದರೂ ಹೊಣೆ ಆಟಗಾರನದೇ. ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ತರಬೇತಿ ಪಡೆಯುವವರಿಗೆ ಇದನ್ನೆಲ್ಲ ನೋಡಲು ತಜ್ಞರಿರುತ್ತಾರೆ. ನಮಗೆ ಡಬ್ಬಿ ಮೇಲಿನ ಚೀಟಿಯೇ ಗತಿ.

ತುಪ್ಪ, ಶೇಂಗಾ, ಮಿರ್ಚಿ

ಕೊಬ್ಬಿನ ಬಗ್ಗೆ ಎರಡು ಪಂಗಡ. ಒಂದು, ಎಣ್ಣೆ ವಾಸನೆ ಕಂಡರೆ ಓಡುವವರು. ಇನ್ನೊಂದು, ಗರಡಿಮನೆ ಪರಂಪರೆಯವರು. ಹಾಲು, ತುಪ್ಪ, ಬಾದಾಮಿ ಇಲ್ಲದೆ ಪೈಲ್ವಾನನೇ ಅಲ್ಲ ಎನ್ನುವವರು. ಪೈಲ್ವಾನರ ಲೆಕ್ಕದಲ್ಲಿ ಅರ್ಥ ಇದೆ. ದಿನಕ್ಕೆ ನಾಲ್ಕೈದು ಗಂಟೆ ಮಣ್ಣಿನಲ್ಲಿ ಹೊರಳಿ, ಸಾವಿರ ಬೈಠಕ್ ಹೊಡೆಯುವವನಿಗೆ ಅಷ್ಟು ಕ್ಯಾಲೊರಿಯನ್ನು ಬರೀ ರೊಟ್ಟಿಯಲ್ಲಿ ತುಂಬಲು ಹೊಟ್ಟೆಯಲ್ಲಿ ಜಾಗ ಸಾಲದು. ತುಪ್ಪ ಆ ಕೆಲಸ ಮಾಡುತ್ತದೆ. ದಿನಕ್ಕೆ ಒಂದು ಗಂಟೆ ಓಡಿ ಉಳಿದ ಹೊತ್ತು ಲೈಬ್ರರಿಯಲ್ಲಿ ಕೂರುವವನು ಅದೇ ತುಪ್ಪ ಕುಡಿದರೆ ಅದು ಸೊಂಟಕ್ಕೆ ಹೋಗುತ್ತದೆ.

ತೀರಾ ಬಿಡುವುದೂ ತಪ್ಪು. ಶೇಕಡಾ 20ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಎ, ಡಿ, ಇ, ಕೆ ವಿಟಮಿನ್‌ಗಳು ಸರಿಯಾಗಿ ಮೈಗೆ ಸೇರುವುದಿಲ್ಲ. ಹುಡುಗಿಯರಿಗೆ ಇದನ್ನು ನೇರವಾಗಿ ಹೇಳುತ್ತೇನೆ. ಓಟ ಹೆಚ್ಚಿಸಿ ಊಟ ಕಡಿಮೆ ಮಾಡಿದಾಗ ಮುಟ್ಟು ತಪ್ಪಿದರೆ, "ಪ್ರಾಕ್ಟೀಸ್ ಜಾಸ್ತಿ ಆಗಿದೆ, ಇದು ಸಹಜ" ಎಂದು ಬಿಡಬೇಡಿ. ದೇಹಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬುದಕ್ಕೆ ಅದು ಗುರುತು. ಹಾಗೇ ಮುಂದುವರಿದರೆ ಮೂಳೆ ಸವೆಯುತ್ತದೆ, ಸೀಳು ಬಿಡುತ್ತದೆ. ಡಾಕ್ಟರನ್ನು ಕಾಣಿ, ತಟ್ಟೆಗೆ ಇನ್ನೊಂದು ರೊಟ್ಟಿ, ಒಂದು ಚಮಚ ತುಪ್ಪ ಹಾಕಿಸಿಕೊಳ್ಳಿ.

ಯಾವ ಕೊಬ್ಬು ಎಂದರೆ ನಮ್ಮ ಮನೆಯ ಡಬ್ಬಿಗಳೇ ಸಾಕು. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸೆ ಹಿಂಡಿ ಅಂದರೆ ಅಗಸೆ ಚಟ್ನಿಪುಡಿ. ಇವುಗಳಲ್ಲಿ ನನ್ನ ಓಟು ಅಗಸೆಗೆ. ಮೀನು ತಿನ್ನದವರಿಗೆ ಒಮೆಗಾ-3 ಸಿಗುವ ಕೆಲವೇ ದಾರಿಗಳಲ್ಲಿ ಅದೊಂದು.

ಮಿರ್ಚಿಯ ತಪ್ಪು ಮಿರ್ಚಿಯಲ್ಲಿ ಇಲ್ಲ, ಹೊತ್ತಿನಲ್ಲಿ ಇದೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಓಟಕ್ಕೆ ಮುಂಚೆ ತಿಂದರೆ ಹೊಟ್ಟೆಯಲ್ಲಿ ಕಲ್ಲು. ಓಟ ಆದ ತಕ್ಷಣ ತಿಂದರೆ, ಸ್ನಾಯು ಕೇಳುವುದು ಕಾರ್ಬ್, ಪ್ರೋಟೀನ್, ನೀವು ಕೊಡುವುದು ಎಣ್ಣೆ.

ಒಬ್ಬ ಹುಡುಗನ ಒಂದು ದಿನ

60 ಕೆಜಿ ತೂಕ, ದಿನಕ್ಕೆ ಒಂದೂವರೆ ಗಂಟೆ ಪ್ರಾಕ್ಟೀಸ್. ನಮ್ಮಲ್ಲಿ ಬರುವ ಒಬ್ಬನ ತಟ್ಟೆ ಇದು. ಮೊದಲು ಅವನು ತಿನ್ನುತ್ತಿದ್ದುದು: ಬೆಳಗ್ಗೆ ಒಗ್ಗರಣೆ, ಮೂರು ಮಿರ್ಚಿ. ಮಧ್ಯಾಹ್ನ ಮೂರು ರೊಟ್ಟಿ, ಪಲ್ಯ. ರಾತ್ರಿ ಅನ್ನ, ಸಾರು. ನಡುವೆ ಚಹಾ. ಕೂಡಿಸಿದರೆ ಪ್ರೋಟೀನ್ 45-50 ಗ್ರಾಂ ದಾಟಲಿಲ್ಲ. ಬೇಕಾದದ್ದು ಅದರ ಎರಡು ಪಟ್ಟು.

ಬದಲಿಸಿದ್ದು ಬಹಳ ಏನಲ್ಲ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಬೆಲ್ಲದ ಚಹಾ. ಓಟ ಮುಗಿದ ಮೇಲೆ ಒಗ್ಗರಣೆಯನ್ನು ಬಿಡಿಸಲಿಲ್ಲ. ಮಂಡಕ್ಕಿ ಅನ್ನಿ, ಮಂಡಾಳು ಅನ್ನಿ, ಅದು ಬೇಗ ಕರಗುವ ಒಳ್ಳೆ ಕಾರ್ಬ್. ಮನೆಯಲ್ಲೇ ಎರಡು ಚಮಚ ಎಣ್ಣೆಯಲ್ಲಿ ಮಾಡಿಸಿ, ಮೇಲೆ 25 ಗ್ರಾಂ ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿ, ಮಿರ್ಚಿ ಜಾಗದಲ್ಲಿ ಎರಡು ಬೇಯಿಸಿದ ಮೊಟ್ಟೆ ಇಟ್ಟೆವು. ಅಷ್ಟಕ್ಕೇ 20 ಗ್ರಾಂ ಪ್ರೋಟೀನ್ ದಾಟಿತು. ಹನ್ನೊಂದಕ್ಕೆ ಒಂದು ಲೋಟ ಹಾಲು, ಒಂದು ಮುಷ್ಟಿ ಶೇಂಗಾ. ಮಧ್ಯಾಹ್ನ ಅದೇ ಮೂರು ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು ಪಲ್ಯ, ಮೊಸರು, ಅಗಸೆ ಹಿಂಡಿ. ಸಂಜೆ ಎರಡು ಬಾಳೆಹಣ್ಣು. ಆನೆಗೊಂದಿ ಕಡೆಯ ಬಾಳೆ ನಮಗೇನು ದೂರವೇ? ರಾತ್ರಿ 120 ಗ್ರಾಂ ಅಕ್ಕಿಯ ಅನ್ನ, ಗಟ್ಟಿ ಬೇಳೆ, ಒಂದು ಚಮಚ ತುಪ್ಪ, ಮಜ್ಜಿಗೆ.

ಲೆಕ್ಕ ಹಾಕಿದರೆ ಕಾರ್ಬ್ ಹೆಚ್ಚೂಕಡಿಮೆ 420 ಗ್ರಾಂ, ಪ್ರೋಟೀನ್ 90, ಕೊಬ್ಬು 80ರ ಆಸುಪಾಸು. ಕೆಜಿಗೆ 7 ಗ್ರಾಂ ಕಾರ್ಬ್, 1.5 ಗ್ರಾಂ ಪ್ರೋಟೀನ್, ಕೊಬ್ಬು ಶೇಕಡಾ 26. ಡಬ್ಬಿ ಪುಡಿ ಒಂದು ಚಮಚವೂ ಬೇಕಾಗಲಿಲ್ಲ. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಒಂದು ಮುಷ್ಟಿ ಸೋಯಾ ಚಂಕ್ಸ್ ಹಾಕಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಮಾತು ಬೇರೆ. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮೇಲೆ ರೊಟ್ಟಿ ಮುಖ ನೋಡಲೂ ಮನಸ್ಸಾಗುವುದಿಲ್ಲ. ಹಸಿವು ಸತ್ತರೆ ಮೊದಲು ಬೀಳುವುದು ಕಾರ್ಬ್. ಆಗ ಕುಡಿಯುವ ಊಟಕ್ಕೆ ಹೋಗಿ: ಅಂಬಲಿ, ಉಪ್ಪು ಹಾಕಿದ ನುಚ್ಚು-ಮಜ್ಜಿಗೆ, ಬೆಲ್ಲದ ಪಾನಕ. ಬೆವರಿನಲ್ಲಿ ಹೋದ ಉಪ್ಪೂ ವಾಪಸ್ ಬರುತ್ತದೆ.

ಆಟ ಬೇರೆಯಾದರೆ

100 ಮೀಟರ್, ಶಾಟ್‌ಪುಟ್‌ನವರು ಕಾರ್ಬ್ ಕೆಜಿಗೆ 4-5ರಲ್ಲಿ ನಿಲ್ಲಿಸಿ ಪ್ರೋಟೀನ್ 1.6ರಿಂದ 2ರ ಕಡೆ ಇಟ್ಟುಕೊಳ್ಳಬಹುದು. ಕಬಡ್ಡಿ, ಫುಟ್‌ಬಾಲ್ ಆಡುವವರಿಗೆ ಓಟಗಾರರ ಲೆಕ್ಕವೇ ಹೊಂದುತ್ತದೆ. ಕುಸ್ತಿಯವರು ತೂಕ ಇಳಿಸಬೇಕಾದಾಗ ಪ್ರೋಟೀನ್ ಮುಟ್ಟಬೇಡಿ. ಎಣ್ಣೆ, ಸಿಹಿ ಮೊದಲು ಕತ್ತರಿಸಿ, ವಾರಗಳ ಮೊದಲೇ ಶುರು ಮಾಡಿ. ಹಿಂದಿನ ದಿನ ನೀರು ಬಿಟ್ಟು, ಸ್ವೆಟರ್ ಹಾಕಿ ಓಡುವ ಹುಚ್ಚು ಬೇಡ.

ಹಾಫ್ ಮ್ಯಾರಥಾನ್‌ನಂಥ ಉದ್ದದ ಓಟಕ್ಕೆ ದಾರಿಯಲ್ಲೂ ತಿನ್ನಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಜೊತೆಗೆ ಬಾಟಲಿಯಲ್ಲಿ ಬೆಲ್ಲದ ನೀರು. 1600 ಮೀಟರಿಗೆ ಇದ್ಯಾವುದೂ ಬೇಡ. ಐದಾರು ನಿಮಿಷದ ಓಟಕ್ಕೆ ಸ್ನಾಯುವಿನಲ್ಲಿ ಇರುವುದೇ ಧಾರಾಳ. ಅಲ್ಲಿ ಹೊಟ್ಟೆ ಹಗುರ ಇರುವುದೇ ಮುಖ್ಯ.

ಕ್ರೀಡಾಕೂಟದ ದಿನ

ರಾಯಚೂರಿನಲ್ಲಿ ಹತ್ತು ಗಂಟೆಗೆ ಓಟ ಎಂದರೆ ಹಿಂದಿನ ಸಂಜೆಯೇ ಹೋಗಿ ಉಳಿಯಿರಿ. ರಾತ್ರಿ ಅನ್ನ, ಬೇಳೆ, ಮೊಸರು. ಹೊಸ ಹೋಟೆಲಿನ ಹೊಸ ಮಸಾಲೆ ಬೇಡ. ಬೆಳಗ್ಗೆ ಏಳಕ್ಕೆ ನಾಲ್ಕು ಇಡ್ಲಿ, ಎರಡು ಬಾಳೆಹಣ್ಣು. ಸುಮಾರು 90-100 ಗ್ರಾಂ ಕಾರ್ಬ್ ಆಯಿತು. ಕೊಬ್ಬರಿ ಚಟ್ನಿ ಕಡಿಮೆ, ವಡೆ ಬೇಡವೇ ಬೇಡ. ಒಂಬತ್ತರ ನಂತರ ಗುಟುಕು ನೀರು ಅಷ್ಟೇ. ಇದನ್ನು ಒಮ್ಮೆ ಪ್ರಾಕ್ಟೀಸ್ ದಿನದಲ್ಲೇ ಮಾಡಿ ನೋಡಿರಬೇಕು.

ಓಟ ಹೇಳಿದ ಹೊತ್ತಿಗೆ ಶುರುವಾದದ್ದನ್ನು ನಾನಂತೂ ಕಂಡಿಲ್ಲ. ಹತ್ತರದ್ದು ಹನ್ನೆರಡಾಗುತ್ತದೆ. ಅದಕ್ಕೆ ಚೀಲದಲ್ಲಿ ಇನ್ನೆರಡು ಬಾಳೆಹಣ್ಣು, ಒಂದು ಪೊಟ್ಟಣ ಮಂಡಕ್ಕಿ-ಪುಟಾಣಿ ಇರಲಿ. ಮಿರ್ಚಿ ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ. ಟೈಮಿಂಗ್ ಸುಧಾರಿಸಿದ್ದರೆ ದುಡ್ಡು ನನ್ನದು.